ಸ್ಕೋರ್ ಹೇಳದ ಕ್ಯಾಸೆಟ್ ಕಾಕಾ

ಮೊನ್ನೆ ಮಸ್ಕತ್ತಿನ ಬೌಷರ್‌ನ ಮಾಲ್ ಒಂದರಲ್ಲಿ ಮೊಬೈಲಿಗೆ ಹೊಸ ಗ್ಲಾಸ್ ಹಾಕಿಸಲು ನಿಂತಿದ್ದೆ. ಅಂಗಡಿಯವನು ಒಂದು ಸಣ್ಣ ಪೊಟ್ಟಣ ಹರಿದು, ಒದ್ದೆ ಕಾಗದದ ಚೂರು ತೆಗೆದು ಸ್ಕ್ರೀನ್ ಒರೆಸಿದ. ಸ್ಪಿರಿಟ್ ವಾಸನೆ. ಬೇರೆಯವರಿಗೆ ಈ ವಾಸನೆ ಬಂದರೆ ಆಸ್ಪತ್ರೆ ನೆನಪಾಗುತ್ತದೆ. ನನಗೆ ನೆನಪಾಗಿದ್ದು ತುದಿಗೆ ಹತ್ತಿ ಸುತ್ತಿದ ಕಡ್ಡಿ, ಮುಚ್ಚಳ ಬಿಚ್ಚಿಟ್ಟ ವಿಸಿಆರ್, ಅದರ ಮೇಲೆ ಬಗ್ಗಿದ ಒಂದು ಬೋಳು ತಲೆ. ಆ ತಲೆಯ ಯಜಮಾನರು ತೀರಿಕೊಂಡು ಕೆಲವು ತಿಂಗಳಾದವು. ಸುದ್ದಿ ಬಂದಾಗ ಅಳು ಬಂತಾ ಅಂತ ಕೇಳಬೇಡಿ. ಬರಲಿಲ್ಲ. ಅವರ ಮಗ ಕಳಿಸಿದ ಮೆಸೇಜಿಗೆ ಕೈಮುಗಿದ ಚಿತ್ರ ಒತ್ತಿ, ಆಫೀಸಿನ ಮೀಟಿಂಗಿಗೆ ಹೋದೆ.

ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ. ನಮ್ಮ ಗದಗದ ಕಡೆ ಕಾಕಾ ಅಂದರೆ ಅಪ್ಪನ ತಮ್ಮ, ಹಾಗಾಗಿ ನನಗೆ ಕರೆಯಲು ಕಷ್ಟವಾಗಲಿಲ್ಲ. ಅವರು ನನ್ನನ್ನು "ಹುಬ್ಳಿ" ಅನ್ನುತ್ತಿದ್ದರು. ನಾನು ಹುಬ್ಬಳ್ಳಿಯವನಲ್ಲ, ಗದಗದವನು ಅಂತ ಹತ್ತು ಸಲ ಹೇಳಿದ್ದೇನೆ. "ಘಟ್ಟ ಹತ್ತಿದ ಮೇಲೆ ಎಲ್ಲ ಹುಬ್ಳಿಯೇ ಮಾರಾಯ" ಅಂತ ಮುಗಿಸುತ್ತಿದ್ದರು.

ಬೌಷರ್‌ನ ಒಂದು ಒಳರಸ್ತೆಯಲ್ಲಿ ಅವರದು ವಿಡಿಯೊ ಲೈಬ್ರರಿ. ಮುಂದೆ ಹಿಂದಿ, ಮಲಯಾಳಂ ಸಿನಿಮಾ ಕ್ಯಾಸೆಟ್ಟುಗಳು. ನಿಜವಾದ ವ್ಯಾಪಾರ ಹಿಂದಿನ ಕೋಣೆಯಲ್ಲಿ. ಟೆರೇಸಿನ ಮೇಲೆ ದೊಡ್ಡ ಡಿಶ್, ಕೆಳಗೆ ಮೂರು ವಿಸಿಆರ್, ಗೋಡೆ ತುಂಬ ಕಪ್ಪು ಕ್ಯಾಸೆಟ್ಟುಗಳು. ಅದರಲ್ಲಿದ್ದದ್ದು ರಗ್ಬಿ. ಯುರೋಪಿನ ದೇಶಗಳ ಕ್ಲಬ್ಬುಗಳು ಸೇರಿ ಆಡುವ ಕಪ್. ರಗ್ಬಿ ಅಂದ ಕೂಡಲೇ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ, ನನಗೂ ಆಗ ಅದರ ತಲೆಬುಡ ಗೊತ್ತಿರಲಿಲ್ಲ.

ಆಗ ನಾನು ಮರುಭೂಮಿಯ ಒಳಗೆ ಒಂದು ಆಯಿಲ್ ಕ್ಯಾಂಪಿನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಮೂರು ವಾರ ಕ್ಯಾಂಪು, ಒಂದು ವಾರ ಮಸ್ಕತ್. ಕ್ಯಾಂಪಿನಲ್ಲಿ ವೇಲ್ಸ್, ಐರ್ಲೆಂಡ್, ಫ್ರಾನ್ಸಿನ ಎಂಜಿನಿಯರುಗಳಿದ್ದರು. ಅಲ್ಲಿ ಟಿವಿ ಇತ್ತು, ಆದರೆ ಅವರಿಗೆ ಬೇಕಾದ ಚಾನೆಲ್ ಬರುತ್ತಿರಲಿಲ್ಲ. ಹಾಗಾಗಿ ಕಾಕಾ ರೆಕಾರ್ಡ್ ಮಾಡಿ, ವಾರಕ್ಕೊಮ್ಮೆ ಹೋಗುವ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದರು. ನನ್ನ ಸೂಪರ್‌ವೈಸರ್ ಐರ್ಲೆಂಡಿನ ಉತ್ತರ ಭಾಗದವನು, ಬಾಗಿಲಿನಷ್ಟು ಅಗಲದ ಮನುಷ್ಯ. ಅವನ ಪಾರ್ಸೆಲ್ ಇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಕಾಕಾನ ಪರಿಚಯ ಆಗಿದ್ದು ಹೀಗೆ.

ಆ ಕಪ್ಪಿನ ಚರಿತ್ರೆ ಪೂರ್ತಿ ಅವರ ಗೋಡೆಯ ಮೇಲಿತ್ತು. ವರ್ಷಕ್ಕೊಂದು ಸಾಲು, ಸಾಲಿಗೊಂದು ಬಣ್ಣದ ಸ್ಟಿಕ್ಕರ್. ಮೊದಲ ಸಾಲು ಗಿಡ್ಡ, ಆ ವರ್ಷ ಬೆರಳೆಣಿಕೆಯಷ್ಟು ಕ್ಲಬ್ಬುಗಳು. ಆಮೇಲೆ ಉದ್ದವಾಗುತ್ತಾ ಹೋಗಿತ್ತು. ಟೀ ತರಿಸಿ, ಸ್ಟೂಲಿನ ಮೇಲೆ ಕೂರಿಸಿ, ಬೆರಳು ತೋರಿಸುತ್ತಾ ಹೇಳುತ್ತಿದ್ದರು.

"ಇಲ್ಲಿ ನೋಡು. ಈ ಸಾಲಲ್ಲಿ ಇಂಗ್ಲೆಂಡಿನವರೇ ಇಲ್ಲ. ಮದುವೆಗೆ ಕರೆದ್ರೆ ಮುಖ ಊದಿಸಿಕೊಂಡು ಬಾರದ ದೊಡ್ಡಣ್ಣ ಉಂಟಲ್ಲ ಒಂದೊಂದು ಮನೆಯಲ್ಲಿ, ಹಾಗೆ. ಮರುವರ್ಷ ಬಂದ್ರು. ಒಮ್ಮೆ ಗೆದ್ರು ಸಹ. ಈ ವರ್ಷ ಪುನಃ ಸಿಟ್ಟು, ಬರ್ಲಿಲ್ಲ."

"ಆಡೂದು ಬಿಟ್ಟು ಜಗಳ ಏನ್ರಿ ಅವರಿಗೆ?"

"ಎಂತ ಕೇಳ್ತಿ? ನಮ್ಮ ಊರಿನವರ ಅಸೋಸಿಯೇಶನಲ್ಲಿ ಎಂತಕ್ಕೆ ಜಗಳ ಆಗುದು? ಅದಕ್ಕೇ."

ಆಟವನ್ನೂ ಅವರೇ ಕಲಿಸಿದ್ದು. ಅವರು ಜೀವನದಲ್ಲಿ ಆ ಮೊಟ್ಟೆಯಂಥ ಚೆಂಡನ್ನು ಮುಟ್ಟಿದವರಲ್ಲ. ರೆಕಾರ್ಡ್ ಆಗುವಾಗ ಕೂತು ನೋಡಿ ನೋಡಿ ಕಲಿತದ್ದು. ಚೆಂಡು ಹಿಂದಕ್ಕೇ ಎಸೆಯಬೇಕು, ಮನುಷ್ಯ ಮುಂದಕ್ಕೇ ಓಡಬೇಕು ಅಂದರು. ಇದೆಂಥ ಆಟ ಅಂದೆ. "ಗಲ್ಫಿಗೆ ಬಂದವನು ಕೇಳುವ ಪ್ರಶ್ನೆಯಾ ಇದು" ಅಂತ ನಕ್ಕರು.

ಕಾಕಾನ ಅಂಗಡಿಗೆ ಒಂದು ನಿಯಮ ಇತ್ತು. ಸ್ಕೋರ್ ಹೇಳುವುದಿಲ್ಲ. ಲೇಬಲ್ ಮೇಲೆ ಎರಡು ತಂಡಗಳ ಹೆಸರು, ಅಷ್ಟೇ. ಯಾರು ಗೆದ್ದರು ಅಂತ ಅವರ ಬಾಯಿಂದ ಬರುತ್ತಿರಲಿಲ್ಲ, ಮುಖದಿಂದಂತೂ ಬರುತ್ತಲೇ ಇರಲಿಲ್ಲ. ಮಸ್ಕತ್ತಿಗೆ ಬಂದ ಎಂಜಿನಿಯರುಗಳು ಅವರ ಹುಬ್ಬು ನೋಡಿ ಊಹೆ ಮಾಡಲು ನಿಲ್ಲುತ್ತಿದ್ದರು. ಕಾಕಾ ಗೋಡೆ ನೋಡಿದ ಹಾಗೆ ಅವರನ್ನು ನೋಡುತ್ತಿದ್ದರು. "ನೋಡಿದ್ರೆ ಗೊತ್ತಾಗ್ತದೆ" ಅನ್ನುವುದನ್ನು ಇಂಗ್ಲಿಷ್, ಹಿಂದಿ, ಅರಬಿ ಮೂರರಲ್ಲೂ ಹೇಳುತ್ತಿದ್ದರು.

ಇನ್ನೊಂದು ವಿಷಯ ಹೇಳಬೇಕು. ಆ ಕಪ್ಪಿನ ಮೊಟ್ಟಮೊದಲ ಫೈನಲ್ಲೇ ಎಕ್ಸ್‌ಟ್ರಾ ಟೈಮಿಗೆ ಹೋಗಿತ್ತು. ಕಾಕಾ ಪೂರ್ತಿ ರೆಕಾರ್ಡ್ ಮಾಡಿ, ರಿವೈಂಡ್ ಮಾಡದೆ ಹಾಗೇ ಕಳಿಸಿದರು. ವೇಲ್ಸಿನ ಒಬ್ಬ ಎಂಜಿನಿಯರ್ ಕ್ಯಾಸೆಟ್ ಕೈಗೆತ್ತಿಕೊಂಡು, ಸಣ್ಣ ಕಿಟಕಿಯಲ್ಲಿ ಸುರುಳಿಯ ದಪ್ಪ ನೋಡಿ, ಆಟ ಸಮಸಮ ಆಗಿ ಲಂಬಿಸಿದೆ ಅಂತ ಶುರುವಾಗುವ ಮೊದಲೇ ಕಂಡುಹಿಡಿದುಬಿಟ್ಟ. ಆಡಿದ್ದೂ ಅವನ ಊರಿನ ತಂಡವೇ. ರುಚಿ ಕೆಟ್ಟುಹೋಯಿತು ಅಂತ ಬಂದು ಕೂಗಾಡಿದನಂತೆ. ಅವತ್ತಿನಿಂದ ಕಾಕಾ ಪ್ರತಿ ಕ್ಯಾಸೆಟ್ಟನ್ನೂ ಕೊನೆಯವರೆಗೆ ತುಂಬಿಸತೊಡಗಿದರು. ಆಟ ಬೇಗ ಮುಗಿದರೆ ಉಳಿದ ಟೇಪಿಗೆ ಇಲ್ಲಿಯ ಟಿವಿಯಲ್ಲಿ ಏನು ಬರುತ್ತಿತ್ತೋ ಅದು. ಹೆಚ್ಚಾಗಿ ಒಂಟೆ ಓಟ. ಹಾಗಾಗಿ ನಮ್ಮ ಕ್ಯಾಂಪಿನಲ್ಲಿ ಯುರೋಪಿನವರ ಆಟ ಮುಗಿದ ಕೂಡಲೇ ಒಂಟೆಗಳು ಓಡುತ್ತಿದ್ದವು. ಗೋರಾಗಳು ಎದ್ದು ಹೋಗುತ್ತಿದ್ದರು. ನಾವು ಕೂತು ಅದನ್ನೂ ನೋಡುತ್ತಿದ್ದೆವು.

ಆ ಪಾರ್ಸೆಲ್ಲಿನಲ್ಲಿ ನಮ್ಮ ಮನೆಯ ಸುದ್ದಿಯೂ ಬರುತ್ತಿತ್ತು. ಕ್ಯಾಂಪಿನಲ್ಲಿ ನಮ್ಮಂಥವರಿಗೆ ಊರಿಂದ ಫೋನ್ ಬರುವ ವ್ಯವಸ್ಥೆ ಇರಲಿಲ್ಲ. ರೇಡಿಯೊ ರೂಮಿನ ಫೋನು ಕೆಲಸಕ್ಕೆ, ತೀರಾ ತುರ್ತಿಗೆ ಮಾತ್ರ. ಹಾಗಾಗಿ ಕನ್ನಡದವರು ಆರೇಳು ಮಂದಿ ಮನೆಗೆ ಕಾಕಾನ ಅಂಗಡಿ ನಂಬರ್ ಕೊಟ್ಟಿದ್ದೆವು. ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಬಂದರೆ ಕಾಕಾ ಕೇಳಿಕೊಂಡು, ಲೇಬಲ್ ಸ್ಟಿಕ್ಕರಿನ ಮೇಲೆ ಬರೆದು, ಕ್ಯಾಸೆಟ್ ಡಬ್ಬಿಯ ಒಳಗೆ ಅಂಟಿಸುತ್ತಿದ್ದರು. "ಹೆಣ್ಣು ಮಗು. ತಾಯಿ ಆರಾಮ." "ತಮ್ಮ ಪಾಸು, ಗಣಿತದಲ್ಲಿ ಸ್ವಲ್ಪ ಕಡಿಮೆ." "ಹೆಂಡತಿಗೆ ನಿನ್ನ ಮೇಲೆ ಕೋಪ, ಕಾಗದ ಹಾಕು." ಅಕ್ಷರ ಚಂದ ಇತ್ತು ಅವರದು. ದುಂಡಗೆ.

ಸಾವು ಮಾತ್ರ ಬರೆಯುತ್ತಿರಲಿಲ್ಲ. ಊರಿಂದ ಅಂಥ ಫೋನ್ ಬಂದರೆ ಅವರದೊಂದು ಕ್ರಮ ಇತ್ತು. ಆ ಮನುಷ್ಯ ರಜೆಗೆ ಮಸ್ಕತ್ತಿಗೆ ಬರುವವರೆಗೆ ಕಾಯುವುದು. ಅಷ್ಟರಲ್ಲಿ ಕಂಪನಿಯವರ ಹತ್ತಿರ ಹೋಗಿ ಪಾಸ್‌ಪೋರ್ಟ್ ಬಿಡಿಸಿ, ಟಿಕೆಟ್ ತಯಾರು ಮಾಡಿಡುವುದು. ಆಮೇಲೆ ಅಂಗಡಿಯಲ್ಲಿ ಕೂರಿಸಿ, ಕೈ ಹಿಡಿದು ಹೇಳುವುದು. ಯಾಕೆ ಕಾಯುವುದು ಅಂದರೆ, ಎಷ್ಟು ಓಡಿದರೂ ಊರಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಊರಿನವರೂ ಫೋನಿನಲ್ಲಿ ಸತ್ತರು ಅಂತ ಯಾವತ್ತೂ ಹೇಳುತ್ತಿರಲಿಲ್ಲ. ಹುಷಾರಿಲ್ಲ, ನೋಡಬೇಕು ಅಂತಾರೆ, ಕಳಿಸಿಕೊಡಿ ಅನ್ನುತ್ತಿದ್ದರು. ದೂರ ಇರುವವನು ದಾರಿಯಲ್ಲಿ ಕುಸಿದು ಬೀಳಬಾರದು ಅಂತ. ಗಲ್ಫಿನಲ್ಲಿದ್ದ ಎಲ್ಲರ ಮನೆಯವರೂ ಮಾಡುತ್ತಿದ್ದದ್ದು ಇದನ್ನೇ. ಕಾಕಾ ಅಂಥ ಐದು ಫೋನ್ ತೆಗೆದುಕೊಂಡಿದ್ದರು. ಐದೂ ಸಲ ವಿಚಾರಿಸಿ ನೋಡಿದರೆ, ಫೋನ್ ಬರುವ ಮೊದಲೇ ಮನುಷ್ಯ ಹೋಗಿ ಆಗಿತ್ತು.

ಆರನೆಯ ಫೋನ್ ನನ್ನದು.

ನನಗೆ ಅಮ್ಮ ಇರಲಿಲ್ಲ. ಅಕ್ಕ ಇದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. ಭಾವ ಚಕಾರ ಎತ್ತಲಿಲ್ಲ. ಅವರ ಮನೆಯಲ್ಲೇ ಬೆಳೆದೆ, ಓದಿದೆ, ಅಲ್ಲಿಂದಲೇ ಮಸ್ಕತ್ತಿಗೆ ಬಂದೆ. ಆ ವರ್ಷ ಚಳಿಗಾಲದಲ್ಲಿ ಅಕ್ಕನಿಗೆ ಕಿಡ್ನಿ ಕೈಕೊಟ್ಟಿತು. ಹುಬ್ಬಳ್ಳಿ ಆಸ್ಪತ್ರೆಗೆ ಸೇರಿಸಿದ್ದಾರೆ, ಸುಧಾರಿಸುತ್ತಿದ್ದಾಳೆ ಅಂತ ಸ್ಟಿಕ್ಕರ್ ಬಂದಿತ್ತು. ಅವಳ ಮಗಳು ಆಗ ಆರು ವರ್ಷದವಳು.

ಒಂದು ಭಾನುವಾರ ಭಾವ ಕಾಕಾನ ಅಂಗಡಿಗೆ ಫೋನ್ ಮಾಡಿದರು. ಡಾಕ್ಟರ್ ಕೈ ಚೆಲ್ಲಿದ್ದಾರೆ, ತಮ್ಮನನ್ನು ನೋಡಬೇಕು ಅಂತಿದ್ದಾಳೆ, ಬೇಗ ಕಳಿಸಿಕೊಡಿ ಅಂದರು. ಭಾವ ಹೇಳಿದ್ದು ನಿಜ. ಅಕ್ಷರಶಃ ನಿಜ. ಕಾಕಾ ನಂಬಲಿಲ್ಲ. ಐದು ಸಲ ಕೇಳಿದ ಮಾತೇ ಇದೂ ಅಂದುಕೊಂಡರು. ಅಕ್ಕ ಹೋಗಿದ್ದಾಳೆ, ಭಾವ ಮರೆಮಾಚುತ್ತಿದ್ದಾರೆ ಅಂತ ತೀರ್ಮಾನ ಮಾಡಿಕೊಂಡರು. ನಾನು ಗುರುವಾರ ಹೇಗೂ ರಜೆಗೆ ಬರುವವನಿದ್ದೆ. ರೇಡಿಯೊ ರೂಮಿಗೆ ಫೋನ್ ಮಾಡಲಿಲ್ಲ.

ಸೋಮವಾರದ ಬಸ್ಸಿಗೆ ಪಾರ್ಸೆಲ್ ಬಂತು. ಅದರಲ್ಲಿದ್ದದ್ದು ಆ ವರ್ಷದ ಫೈನಲ್. ಇಂಗ್ಲೆಂಡಿನವರು ಸಿಟ್ಟು ಮಾಡಿಕೊಂಡು ಬಾರದಿದ್ದ ವರ್ಷ ಅದು. ನನ್ನ ಸೂಪರ್‌ವೈಸರನ ಊರಿನ ಕಡೆಯ ತಂಡಕ್ಕೂ ಫ್ರಾನ್ಸಿನ ಒಂದು ತಂಡಕ್ಕೂ ಆಟ. ಡಬ್ಬಿ ತೆರೆದು ನೋಡಿದೆ, ಸ್ಟಿಕ್ಕರ್ ಇರಲಿಲ್ಲ. ಏನೂ ಸುದ್ದಿ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂದುಕೊಂಡೆ.

ಮಂಗಳವಾರ ಸಂಜೆ ಎಲ್ಲರೂ ಕೂತು ನೋಡಿದೆವು. ಐರ್ಲೆಂಡಿನವರು ಗೆದ್ದರು, ಐರ್ಲೆಂಡಿನ ಯಾವ ತಂಡವೂ ಅಲ್ಲಿಯವರೆಗೆ ಆ ಕಪ್ ಗೆದ್ದಿರಲಿಲ್ಲ. ಜನ ಮೈದಾನಕ್ಕೆ ನುಗ್ಗಿದರು. ನಮ್ಮ ಸೂಪರ್‌ವೈಸರ್ ನನ್ನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಕುಣಿದ. ಅಡುಗೆಯ ಮಲಯಾಳಿ ಪಾತ್ರೆ ಬಡಿದ. ನಾನು ಗಂಟಲು ಹೋಗುವಷ್ಟು ಕೂಗಿದೆ. ಒಂದು ತಂಡಕ್ಕಾಗಿ ನಾನು ಅಷ್ಟು ಕೂಗಿದ್ದು ಜೀವನದಲ್ಲಿ ಅದೊಂದೇ ಸಲ. ಅದೇ ಹೊತ್ತಿಗೆ ಅಲ್ಲಿ... ಹುಬ್ಬಳ್ಳಿಯಲ್ಲಿ ಎಷ್ಟು ಗಂಟೆ ಆಗಿರುತ್ತಿತ್ತು ಅಂತ ಆಮೇಲೆ ಬಹಳ ಸಲ ಲೆಕ್ಕ ಹಾಕಿದ್ದೇನೆ.

ಗುರುವಾರ ಬಸ್ಸು ಮಸ್ಕತ್ತಿಗೆ ಬಂದಾಗ ಕಾಕಾ ಸ್ಟಾಪಿನಲ್ಲಿ ನಿಂತಿದ್ದರು. ಅಂಗಡಿ ಬಿಟ್ಟು ಬರುವವರಲ್ಲ ಅವರು. ನೋಡಿದ ಕೂಡಲೇ ಗೊತ್ತಾಯಿತು. ನನ್ನ ಚೀಲ ತಾವೇ ಎತ್ತಿಕೊಂಡು ಅಂಗಡಿಗೆ ನಡೆದರು. ಅಂಗಡಿಯ ಶಟರ್ ಅರ್ಧ ಇಳಿಸಿ, ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದರು.

"ಹುಬ್ಳಿ, ನಿನ್ನ ಅಕ್ಕ ಹೋದ್ರು ಮಗಾ."

"ಯಾವಾಗ್ರಿ?"

"ಭಾನುವಾರ. ಭಾವನ ಫೋನ್ ಬಂದಿತ್ತು."

"ನಾಕ್ ದಿನಾ ಆತಲ್ರಿ ಕಾಕಾ."

"ಅಲ್ಲಿಗೇ ಹೇಳಿ ಕಳಿಸಿದ್ರೆ ಆ ಮರಳಲ್ಲಿ ನೀನು ಯಾರ ಹೆಗಲಿಗೆ ತಲೆ ಇಡ್ತಿದ್ದಿ?"

ಭಾವ ಫೋನಿನಲ್ಲಿ ಏನಂದರು ಅಂತ ನಾನು ಕೇಳಲಿಲ್ಲ. ಯಾಕೆ ಕೇಳಲಿ? ಭಾವಂದಿರು ಏನು ಹೇಳುತ್ತಾರೆ, ಕೇಳಿಸಿಕೊಂಡವರು ಏನು ಅರ್ಥ ಮಾಡಿಕೊಳ್ಳಬೇಕು ಅನ್ನುವುದು ನನಗೂ ಗೊತ್ತಿತ್ತಲ್ಲ. ಕಾಕಾ ಟೀ ಕುಡಿಸಿದರು. ಅಳು ಬರಲಿಲ್ಲ. ಗಂಟಲು ಮಾತ್ರ ಮಂಗಳವಾರದ ಕೂಗಿಗೆ ಇನ್ನೂ ಕೆಟ್ಟಿತ್ತು.

ಶುಕ್ರವಾರ ಮುಂಬೈಗೆ ಇಳಿದೆ. ಹುಬ್ಬಳ್ಳಿ ಬಸ್ಸು ಸಂಜೆಗಿತ್ತು, ಸೀಟೂ ಇತ್ತು. ನಾನು ಹತ್ತಲಿಲ್ಲ. ಇದನ್ನು ಸರಿಯಾಗಿ ಓದಿಕೊಳ್ಳಿ, ಹತ್ತಲಿಲ್ಲ. ಮಣ್ಣಾಗಿ ಐದು ದಿನ ಆಗಿದೆ, ಇನ್ನು ಹೋಗಿ ಯಾರ ಮುಖ ನೋಡಬೇಕು ಅನಿಸಿತು. ಮೈ ಭಾರ ಇತ್ತು. ಕುರ್ಲಾದಲ್ಲಿ ಒಬ್ಬ ಗೆಳೆಯನ ರೂಮಿಗೆ ಹೋದೆ. ಅನ್ನ ಸಾರು ಮಾಡಿದ್ದ. ಉಂಡೆ. ಮಲಗಿದೆ. ಮರುದಿನ ಸಂಜೆಯ ಬಸ್ಸು ಹತ್ತಿದೆ.

ಭಾನುವಾರ ಬೆಳಿಗ್ಗೆ ಭಾವನ ಮನೆಯ ಮುಂದೆ ಜನ ಇದ್ದರು. ತಿಥಿಗೆ ಇರಬೇಕು ಅಂದುಕೊಂಡೆ. ಒಳಗೆ ಹೋದರೆ ಪಡಸಾಲೆಯಲ್ಲಿ ಅಕ್ಕ ಕೂತಿದ್ದಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು. ಒಂದು ಕ್ಷಣ, ಬದುಕಿದ್ದಾಳೆ ಅನ್ನಿಸಿತು. ಆಮೇಲೆ ಹೂವು ಕಾಣಿಸಿತು. ತಾಜಾ ಹೂವು.

ಭಾವ ಬಂದು ತೋಳು ಹಿಡಿದುಕೊಂಡರು.

"ನಿನ್ನೆ ಸಂಜೀಕ ಹೋದ್ಲಪ್ಪಾ. ಗುರುವಾರ ದವಾಖಾನಿಯಿಂದ ಮನಿಗೆ ತಂದಿದ್ವಿ. ಮುಂಜಾನಿಂದ ಬಾಗಲಾ ನೋಡ್ಕೋತನ ಇದ್ಲು. ಯಾಕ್ ಇಷ್ಟು ತಡಾ ಮಾಡಿದಿ?"

"ವಿಮಾನ ಸಿಗಲಿಲ್ರಿ" ಅಂದೆ.

ಶುಕ್ರವಾರದ ಬಸ್ಸು ಹತ್ತಿದ್ದರೆ ಶನಿವಾರ ಬೆಳಿಗ್ಗೆ ಮುಟ್ಟುತ್ತಿದ್ದೆ. ಅಕ್ಕನಿಗೆ ಪೂರ್ತಿ ಎಚ್ಚರ ಇತ್ತಂತೆ. ಕಾಕಾ ನನಗೆ ಅವಳು ಹೋದಳು ಅಂತ ಹೇಳುವಾಗ ಅವಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳೋ ಏನೋ... ಅಷ್ಟು ವಿವರ ನಾನು ಯಾರನ್ನೂ ಕೇಳಲಿಲ್ಲ.

ತಿಂಗಳು ಬಿಟ್ಟು ಮಸ್ಕತ್ತಿಗೆ ಬಂದೆ. ಕಾಕಾನ ಅಂಗಡಿಗೆ ಹೋದೆ. ಅವರು ವಿಸಿಆರ್ ಬಿಚ್ಚಿಕೊಂಡು ಕೂತಿದ್ದವರು ತಲೆ ಎತ್ತಿ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ಎಲ್ಲ ಮುಗೀತಾ?"

"ಮುಗೀತ್ರಿ."

ಅವರು ನನ್ನ ಮುಖ ನೋಡುತ್ತಾ ಕೂತರು. ತುಂಬಾ ಹೊತ್ತು. ನಾನು ಅವರಿಂದಲೇ ಕಲಿತ ಮುಖ ಇಟ್ಟುಕೊಂಡೆ, ಗೋಡೆಯ ಹಾಗೆ. ಟೀ ಬಂತು, ಕುಡಿದೆವು. ಯಾಕೆ ಹೇಳಲಿಲ್ಲ ಅಂದರೆ, ಮುದುಕರಾಗುತ್ತಿರುವ ಮನುಷ್ಯ, ಒಳ್ಳೆಯದಕ್ಕೇ ಮಾಡಿದ್ದು, ಅವರ ತಲೆಗೆ ಯಾಕೆ ಕಟ್ಟಲಿ ಅಂತ. ಇದು ನಾನು ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಅವರ ನಾಲ್ಕು ದಿನದ ಮಾತು ತೆಗೆದರೆ ನನ್ನ ಒಂದು ರಾತ್ರಿಯ ಮಾತೂ ಬರುತ್ತಿತ್ತು.

ಅವತ್ತಿನ ನಂತರ ಕಾಕಾ ಬದಲಾದರು. ನಾನು ಅಂಗಡಿಯ ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಸ್ಕೋರ್ ಹೇಳಿಬಿಡುತ್ತಿದ್ದರು. ಸಲಾಮಿಗಿಂತ ಮೊದಲು. ಐರ್ಲೆಂಡಿನ ದಕ್ಷಿಣದ ಕೆಂಪು ಜೆರ್ಸಿಯ ತಂಡವೊಂದು ಮುಂದಿನ ವರ್ಷ ಫೈನಲ್ಲಿಗೆ ಬಂತು. ನನಗೆ ಆ ತಂಡದ ಮೇಲೆ ಪ್ರಾಣ. ನೋಡಬೇಕು ಅಂತ ಓಡಿ ಬಂದರೆ, ಒಳಗೆ ಬರುವ ಮೊದಲೇ,

"ಹುಬ್ಳಿ, ಕೆಂಪಿನವರು ಸೋತ್ರು. ಒಂದೇ ಪಾಯಿಂಟಿಗೆ. ಈಗ ಬಾ, ಕೂತ್ಕೋ."

"ಯಾಕ್ ಹೇಳಿದ್ರಿ ಕಾಕಾ? ನೋಡಾಕಂತನ ಬಂದೀನಿ!"

"ಗೊತ್ತಾದ ಕೂಡಲೇ ಹೇಳಿಬಿಟ್ಟೆ. ಇಟ್ಟುಕೊಂಡು ಎಂತ ಮಾಡ್ಲಿಕ್ಕುಂಟು ನನಗೆ?"

ಬೇರೆಯವರಿಗೆ ಹೇಳುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತ ಎಂಜಿನಿಯರಿಗೆ ಅದೇ ಗೋಡೆ ಮುಖ, "ನೋಡಿದ್ರೆ ಗೊತ್ತಾಗ್ತದೆ." ನನಗೆ ಮಾತ್ರ ಎಲ್ಲ ಮೊದಲೇ. ಕೆಂಪಿನವರು ಇನ್ನೊಮ್ಮೆ ಫೈನಲ್ ಸೋತಾಗಲೂ ಹೇಳಿದರು. ಕಡೆಗೊಮ್ಮೆ ಗೆದ್ದಾಗಲೂ ಹೇಳಿದರು, ಅದೂ ಫೋನ್ ಮಾಡಿ. ನಾನು ಬೈದಿದ್ದೇನೆ. ವಯಸ್ಸಾಯಿತು, ಆಟದ ಮೇಲೆ ಆಸಕ್ತಿ ಹೋಗಿದೆ, ಎದುರಿನವನ ಖುಷಿ ಅರ್ಥವಾಗುವುದಿಲ್ಲ ಅಂದುಕೊಂಡಿದ್ದೆ. ಒಂದು ಹಂತದಲ್ಲಿ ಫೈನಲ್ ಆದ ವಾರ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಆಮೇಲೆ ಕ್ಯಾಂಪುಗಳಿಗೆ ಡಿಶ್ ಬಂತು, ಡಿವಿಡಿ ಬಂತು, ಎಲ್ಲರ ಕೈಗೂ ಇಂಟರ್‌ನೆಟ್ ಬಂತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಯಾರಿಗೂ ಬೇಡವಾಗಿ ಒಂದು ದಿನ ಮೊದಲ ವರ್ಷದ ಗಿಡ್ಡ ಸಾಲಿನಿಂದ ಹಿಡಿದು ಎಲ್ಲವನ್ನೂ ಪಿಕಪ್ಪಿಗೆ ತುಂಬಿ ಕಳಿಸಿದರು. ನಾನೇ ಕೈ ಹಾಕಿ ತುಂಬಿಸಿದ್ದೆ. "ಖಲಾಸ್" ಅಂತ ಕೈ ಕೊಡವಿ, ಖಾಲಿ ಗೋಡೆಯ ಕಡೆ ತಿರುಗಿಯೂ ನೋಡದೆ ಟೀ ಹೇಳಿದರು. ಕೆಲವು ವರ್ಷ ಸೊಹಾರ್ ದಾರಿಯ ಸುವೈಕ್‌ನಲ್ಲಿ ತಂಗಿಯ ಮಗನ ಮೊಬೈಲ್ ಕವರಿನ ಅಂಗಡಿಯಲ್ಲಿ ಕೂತಿದ್ದರು. ನಾನು ಸೊಹಾರಿನ ಕಡೆ ಕೆಲಸಕ್ಕೆ ಹೋದಾಗೆಲ್ಲ ಇಳಿದು ಮಾತಾಡಿಸುತ್ತಿದ್ದೆ. ಪ್ರತಿ ಸಲ ಒಂದೇ ಪ್ರಶ್ನೆ.

"ನಿನ್ನ ಭಾವ ಹೇಗಿದ್ದಾರೆ?"

"ಆರಾಮ್ ಅದಾರ್ರಿ."

"ಎಂತಾದ್ರೂ ಹೇಳ್ತಾರಾ?"

"ಏನ್ ಹೇಳ್ತಾರ್ರಿ ಕಾಕಾ, ಅವರಾಯ್ತು, ಅವರ ಬಿಪಿ ಗುಳಿಗಿ ಆಯ್ತು."

"ಹಾಂ. ಹೌದು." ಅಷ್ಟೇ. ಆಮೇಲೆ ಗಿರಾಕಿಗೆ ಕವರ್ ತೋರಿಸಲು ಏಳುತ್ತಿದ್ದರು. ಸುವೈಕ್ ಬಿಟ್ಟು ಊರಿಗೆ ಹೋದ ಮೇಲೂ ಈದ್ ದಿನ ನಾನು ಫೋನ್ ಮಾಡಿದರೆ ಅದೇ ಪ್ರಶ್ನೆ. ನನ್ನ ಹೆಂಡತಿ ಮಕ್ಕಳನ್ನು ಕೇಳಲು ಮರೆತರೂ ಭಾವನನ್ನು ಕೇಳಲು ಮರೆಯುತ್ತಿರಲಿಲ್ಲ.

ಮಾಲಿನಿಂದ ಮನೆಗೆ ಬಂದವನು ಮೊನ್ನೆ ಭಾವನಿಗೆ ಫೋನ್ ಹಚ್ಚಿದೆ. ಯಾಕೆ ಅಂತ ಗೊತ್ತಿಲ್ಲ. ಅದೂ ಇದೂ ಮಾತಾಡಿ, ಆ ಕ್ಯಾಸೆಟ್ ಅಂಗಡಿಯ ಕಾಕಾ ಹೋದರು ಅಂದೆ. ಭಾವನಿಗೆ ಈಗ ಹಳೆಯದು ಚೆನ್ನಾಗಿ ನೆನಪಿರುತ್ತದೆ, ಬೆಳಗಿನ ನಾಷ್ಟಾ ನೆನಪಿರುವುದಿಲ್ಲ.

"ಯಾರು, ನಾ ಫೋನ್ ಮಾಡ್ತಿದ್ನಲ್ಲ, ಅವರಾ? ಪಾಪ, ಭಾಳ ಚಲೋ ಮನಿಷ್ಯಾ. ಇಕಿ ಹೋಗೂ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಮತ್ತ ಹಚ್ಚಿದ್ದೆ ನಾ. ಹುಡುಗ ಹೊಂಟಾನ ಇಲ್ಲೋ, ಇಕಿ ಕೇಳಾಕತ್ತಾಳ, ಇನ್ನೂ ಎಚ್ಚರ ಅದಾಳ ಅಂದೆ. ಆ ಕಡಿಂದ ಮಾತ ಇಲ್ಲ. ಲೈನ್ ಹೋತೇನೋ ಅಂತ ಹಲೋ ಹಲೋ ಅಂದೆ. ಲೈನ್ ಇತ್ತು. ಉಸಿರಾಡೂದು ಕೇಳಸ್ತಿತ್ತು. ಕಡೀಕ, ಹೊಂಟಾನ ಅಂದ್ರು."

ನಾನು ಹೂಂ ಅಂದೆ. ಭಾವ ಮಳೆಯ ಮಾತಿಗೆ ಹೋದರು.

ಅಂದರೆ ಕಾಕಾನಿಗೆ ಗೊತ್ತಿತ್ತು. ನಾನು ಇನ್ನೂ ಮುಂಬೈಗೆ ಇಳಿಯುವ ಹೊತ್ತಿಗೇ ಗೊತ್ತಾಗಿತ್ತು. ಆಗ ಮೊಬೈಲ್ ಇಲ್ಲ, ನಾನು ಎಲ್ಲಿದ್ದೇನೆ ಅಂತ ಗೊತ್ತಿಲ್ಲ, ಅವರು ಮಾಡಬಹುದಾದದ್ದು ಏನೂ ಇರಲಿಲ್ಲ. ಬಸ್ಸು ಹತ್ತಿರುತ್ತಾನೆ, ಬೆಳಿಗ್ಗೆ ಮುಟ್ಟುತ್ತಾನೆ ಅಂತ ಲೆಕ್ಕ ಹಾಕಿರಬಹುದು. ತಿಂಗಳ ಮೇಲೆ ನಾನು ಬಂದಾಗ "ಎಲ್ಲ ಮುಗೀತಾ" ಅಂತ ಕೇಳಿ ನನ್ನ ಮುಖ ನೋಡುತ್ತಾ ಕೂತದ್ದು, ಅಕ್ಕ ಸಿಕ್ಕಳಾ ಇಲ್ಲವಾ ಅಂತ ತಿಳಿಯಲು. ನಾನು ಹೇಳಲಿಲ್ಲ. ಅವರು ಕೇಳಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಹಾಗೇ ಟೀ ಕುಡಿದೆವು. ಸ್ಕೋರ್ ಯಾಕೆ ಮೊದಲೇ ಹೇಳುತ್ತಿದ್ದರು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನಗೆ ಮಾತ್ರ ಮೊನ್ನೆಯವರೆಗೆ ಗೊತ್ತಾಗಲಿಲ್ಲ.

ಕಾಕಾ ಬದುಕಿದ್ದಿದ್ದರೆ ಈಗ ಹೋಗಿ ಎಲ್ಲ ಹೇಳುತ್ತಿದ್ದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಸುಳ್ಳು. ಅಷ್ಟು ವರ್ಷ ಬದುಕಿದ್ದರಲ್ಲ, ಹೇಳಿದ್ದೆನಾ?

ಅಕ್ಕನ ಮಗಳು ಈಗ ಇಲ್ಲೇ ಒಮಾನಿನ ಸಲಾಲಾದ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಈ ಕೆಲಸಕ್ಕೆ ಕರೆಸಿಕೊಂಡವನು ನಾನೇ. ನನ್ನ ಮನೆಯೇ ಅವಳ ತವರು. ಈದ್ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ, ಆ ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ನಾನು ಇಲ್ಲಿ ಏನು ಗೀಚಿದರೂ ಮೊದಲು ಓದುವವಳು ಅವಳು. ಹಾಗಾಗಿ ಇದನ್ನು ಹಾಕುವ ಮೊದಲು ಅವಳಿಗೆ ಹೇಳಲೇಬೇಕಿತ್ತು. ಹೇಳದೆ ಇದ್ದುಬಿಟ್ಟರೆ ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು ಅನ್ನುವುದೂ ನನಗೆ ಗೊತ್ತಿತ್ತು. ಕಳೆದ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದೆ. ಕಾಕಾನ ನಾಲ್ಕು ದಿನ ಹೇಳಿದೆ. ಆಮೇಲೆ ನನ್ನ ಒಂದು ದಿನ ಹೇಳಿದೆ. ಬಸ್ಸಿನಲ್ಲಿ ಸೀಟು ಇತ್ತು ಅನ್ನುವುದನ್ನೂ ಬಿಡಲಿಲ್ಲ.

ಹಿಂದೆ ಮಿಕ್ಸಿ ತಿರುಗುವ ಸದ್ದು ಬರುತ್ತಿತ್ತು, ಯಾರೋ ನಿಲ್ಲಿಸಿದರು.

"ಮಾಮಾ, ಆ ರಾತ್ರಿ ಎಲ್ಲಿದ್ದಿ?"

"ಕುರ್ಲಾದಾಗ. ಗೆಳೆಯನ ರೂಮಿನ್ಯಾಗ."

"ಊಟಾ ಮಾಡಿದ್ಯಾ?"

"ಮಾಡಿದ್ದೆ."

"ನಿದ್ದಿ ಬಂತಾ?"

"ಬಂತು."

"ಅವ್ವ ಅವತ್ತ ರಾತ್ರಿ ನನ್ನ ಮಲಗಾಕ ಬಿಡಲಿಲ್ಲ ಮಾಮಾ. ಮಾಮಾ ಬರ್ತಾನ, ಬಾಗಲಾ ತಗೀಬೇಕು, ಕೂತಿರು ಅಂದ್ಲು."

ಆಮೇಲೆ, ಮಕ್ಕಳಿಗೆ ತಿಂಡಿ ಕೊಡಬೇಕು ಅಂತ ಇಟ್ಟಳು. ಇವತ್ತಿಗೆ ಎಂಟು ದಿನ. ಫೋನ್ ಬಂದಿಲ್ಲ. ನಾನೂ ಮಾಡಿಲ್ಲ.